ಅತ್ತೆಯ ಒಳಬಣ್ಣ

ಬ್ಯಾಡಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಸಣ್ಣ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಮದುವೆಯ ಸೀರೆ ಕೊಳ್ಳುವ ಮುಂಚೆ ಹುಡುಗಿಯರು ತಾಯಂದಿರ ಜೊತೆ ಬರುತ್ತಾರೆ. ಮುಖ ತೊಳೆದು ಬರಹೇಳಿ, ಕಿಟಕಿಯ ಮುಂದೆ ಕೂರಿಸಿ, ಹೆಗಲ ಮೇಲೆ ಒಂದಾದ ಮೇಲೊಂದು ಬಟ್ಟೆಯ ತುಂಡು ಹೊದಿಸಿ ನೋಡುತ್ತೇನೆ. ಯಾವ ಬಣ್ಣಕ್ಕೆ ಮುಖ ಎದ್ದು ಬರುತ್ತದೆ, ಯಾವುದಕ್ಕೆ ಬಾಡುತ್ತದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಹೆದರಿಕೊಳ್ಳುವಂಥದ್ದು ಏನೂ ಇಲ್ಲದ ಕೆಲಸ. ನಾನೂ ಹಾಗೆಂದುಕೊಂಡಿದ್ದೆ, ನನ್ನ ನಾದಿನಿಯ ಮದುವೆ ಗೊತ್ತಾದ ವರ್ಷದವರೆಗೆ.

ನನ್ನ ತವರು ಹೊಸರಿತ್ತಿ. ನಾನು ಕಪ್ಪು. ಕಪ್ಪಗಿದ್ದವರು ಗಾಢ ಬಣ್ಣ ಉಟ್ಟರೆ ಇನ್ನೂ ಕಪ್ಪು ಕಾಣುತ್ತಾರೆ ಎಂದು ಅವ್ವ ನಂಬಿದ್ದಳು, ಹಾಗಾಗಿ ಚಿಕ್ಕಂದಿನಿಂದ ನಾನು ತೊಟ್ಟಿದ್ದೆಲ್ಲ ಕೆನೆಬಣ್ಣ, ತಿಳಿ ಗುಲಾಬಿ, ತಿಳಿ ನೀಲಿ. ಮದುವೆಯಾಗಿ ಬ್ಯಾಡಗಿಗೆ ಬಂದರೆ ಅತ್ತೆಯ ನಂಬಿಕೆಯೂ ಅದೇ ಆಗಿತ್ತು. ಪೌಡರ್ ಮೆತ್ತಿಕೊಂಡು, ತಿಳಿ ಗುಲಾಬಿ ಸೀರೆಯುಟ್ಟು ಫೋಟೋಗೆ ನಿಂತರೆ ನನ್ನ ಮುಖ ಬೂದಿ ಬಳಿದುಕೊಂಡಂತೆ ಬರುತ್ತಿತ್ತು. ಮದುವೆಯ ಆಲ್ಬಮ್ ಅನ್ನು ನಾನಾಗಿ ತೆಗೆದು ನೋಡಿದವಳಲ್ಲ.

ಪಾರ್ಲರ್ ಕೆಲಸ ಕಲಿಯಲು ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಕಲಿಸುತ್ತಿದ್ದ ಹೆಂಗಸು ಮೊದಲ ವಾರವೇ ನನ್ನನ್ನು ಕಿಟಕಿಯ ಹತ್ತಿರ ಕರೆದು, ಮುಂಗೈ ತಿರುಗಿಸಿ ನರಗಳನ್ನು ನೋಡಿದಳು. ಹಸಿರಾಗಿ ಕಂಡವು; ಕೆಂಪು, ಹಳದಿ ಒಪ್ಪುವ ಮೈ ಎಂದಳು. ಇಟ್ಟಿಗೆ ಕೆಂಪಿನ ಬಟ್ಟೆಯೊಂದನ್ನು ನನ್ನ ಹೆಗಲಿಗೆ ಹಾಕಿ ಕನ್ನಡಿಗೆ ತಿರುಗಿಸಿದಳು. ಕಪ್ಪು ಕಪ್ಪಾಗಿಯೇ ಇತ್ತು, ಆದರೆ ಬೂದಿ ಹೋಗಿತ್ತು. ಮುಖದ ಒಳಗಿನಿಂದ ಯಾರೋ ಊದಿ ಕೆಂಡ ಮಾಡಿದಂತೆ ಕಂಡಿತು. ನನಗೆ ಅಳು ಬಂತು.

"ಇದು ಅಂಡರ್‌ಟೋನ್," ಎಂದಳು. "ಮ್ಯಾಲಿನ ಬಣ್ಣ ಬಿಸಿಲಿಗೆ ಏರ್ತೈತಿ, ನೆರಳಿಗೆ ಇಳೀತೈತಿ. ಒಳಗಿಂದು ಹಂಗಲ್ಲ. ಹುಟ್ಟಿದಾಗ ಏನಿತ್ತೋ ಸಾಯೂತನಕ ಅದ ಇರ್ತೈತಿ."

ನಾನು ಅದಕ್ಕೆ ಒಳಬಣ್ಣ ಎಂದು ಹೆಸರಿಟ್ಟುಕೊಂಡೆ.

ಅತ್ತೆಯ ಒಳಬಣ್ಣ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಅವರದು ಹೊಂಬಣ್ಣ. ಚಿಕ್ಕಂದಿನಿಂದ ಹೊಗಳಿಸಿಕೊಂಡು ಬೆಳೆದ ಮೈ. ಮಾವನವರದು ಮೆಣಸಿನಕಾಯಿ ವ್ಯಾಪಾರ. ಮಾರುಕಟ್ಟೆಯ ಧೂಳು, ಘಾಟು ಮನೆಯವರೆಗೂ ಬರುತ್ತಿತ್ತು, ಆದರೂ ಅತ್ತೆಯ ಮುಖದ ಮೇಲೆ ಒಂದು ಕಲೆ ಇರಲಿಲ್ಲ. ನಾನು ಮೊದಲ ಸಲ ಗಾಢ ಕೆಂಪು ಸೀರೆ ಉಟ್ಟು ಹೊರಗೆ ಬಂದಾಗ ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ತಲೆಯೆತ್ತಿ ನೋಡಿ, "ಇನ್ನ ಕರೆಂಟ್ ಹೋದ್ರ ನಿನ್ನ ದೀಪ ಹಚ್ಚಿ ಹುಡುಕಬೇಕವಾ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಮಧ್ಯಾಹ್ನ ಮಾತ್ರ, ಮನೆಯಲ್ಲಿ ಯಾರೂ ಇಲ್ಲದಾಗ, ತಾವೇ ಬಂದು ಪಾರ್ಲರಿನ ಕುರ್ಚಿಯಲ್ಲಿ ಕೂತು, "ನನಗೂ ನೋಡು, ಏನೇನ್ ಒಪ್ತೈತಿ," ಎಂದರು. ಸಾಸಿವೆಯ ಹಳದಿ ಹೊದಿಸಿದೆ. ಅವರು ಕನ್ನಡಿಯನ್ನು ನೋಡುತ್ತಲೇ ಇದ್ದರು. ಅಲ್ಲಿಂದ ಮುಂದೆ ಸಾಸಿವೆ ಬಣ್ಣ, ಎಲೆ ಹಸಿರು ಬಿಟ್ಟು ಬೇರೆ ಸೀರೆ ಅವರು ಕೊಂಡಿದ್ದು ಕಡಿಮೆ. ನನ್ನ ಕೆಂಪು ಸೀರೆಯ ಬಗ್ಗೆ ಆಮೇಲೆ ಮಾತಾಡಲಿಲ್ಲ.

ನಾದಿನಿಗೆ ರಾಣೇಬೆನ್ನೂರಿನ ಸಂಬಂಧ ಗೊತ್ತಾಯಿತು. ಹುಡುಗನ ಮನೆಯವರದು ಬಿತ್ತನೆ ಬೀಜದ ಅಂಗಡಿ, ಒಳ್ಳೆಯ ಜನ. ಸಂಕ್ರಾಂತಿ ಕಳೆದ ಮೇಲೆ ನಾವು ಹೆಂಗಸರೆಲ್ಲ ಸೀರೆ ತರಲು ಅಲ್ಲಿಗೇ ಹೋದೆವು. ಮದುಮಗಳ ಸೀರೆಗಳು ಮುಗಿದ ಮೇಲೆ ಅಂಗಡಿಯವನು ಸಾಸಿವೆ ಬಣ್ಣದ ರೇಷ್ಮೆಯೊಂದನ್ನು ಬಿಚ್ಚಿ ಅತ್ತೆಯ ಹೆಗಲ ಮೇಲೆ ಹಾಕಿದ.

"ಅವ್ವಾರ ಮೈಬಣ್ಣಕ್ಕ ಹೇಳಿ ನೇಯಿಸಿದಂಗೈತ್ರಿ. ಮಗಳ ಮದವಿ ಕಳೆ ಈಗ ಮುಖದ ಮ್ಯಾಲ ಬಂದೈತಿ ನೋಡ್ರಿ."

ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು. ನಾನು ನೋಡಿದೆ. ಸೀರೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಆ ಬಣ್ಣ ಅವರ ಮುಖವನ್ನು ಎತ್ತಿ ತೋರಿಸುತ್ತಿದ್ದುದು ಹೋಗಿ, ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಹೊನ್ನಿನ ಜಾಗದಲ್ಲಿ ತೆಳ್ಳಗೆ ಒಂದು ಹಸಿರು ಇತ್ತು. ಅಂಗಡಿಯ ದೀಪದ ದೋಷವಿರಬೇಕು ಎಂದುಕೊಂಡು, ಸೀರೆಯ ಸಮೇತ ಅವರನ್ನು ಬಾಗಿಲಿಗೆ ಕರೆದುಕೊಂಡು ಹೋದೆ.

"ಬಿಸಲಾಗ ಯಾಕ ನಿಂದ್ರಸ್ತಿ ನನ್ನ?" ಎಂದು ಅತ್ತೆ ಕಣ್ಣು ಕೆಳಗೆ ಹಾಕಿದರು.

ಬಿಸಿಲಿನಲ್ಲಿ ಇನ್ನೂ ಕೆಟ್ಟದಾಗಿ ಕಂಡಿತು. "ಇದು ಬ್ಯಾಡ್ರಿ ಅತ್ತಿ, ನೀಲಿ ನೋಡೋಣು," ಎಂದೆ.

"ಇಷ್ಟು ದಿನ ನೀನ ಇದನ್ನ ಉಡ್ರಿ ಉಡ್ರಿ ಅಂತಿದ್ದಿ. ಈಗೇನಾತು?"

ಅವರು ಅದೇ ಸೀರೆ ಕೊಂಡರು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು, ದಾರಿಯುದ್ದಕ್ಕೂ ಅಂಗೈ ತುರಿಸಿಕೊಳ್ಳುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲಿಯೇ ಕೇಳಿಬಿಡುತ್ತಿದ್ದೆ. ಆದರೆ ಬಣ್ಣದ ಮಾತು ನಮ್ಮಿಬ್ಬರ ನಡುವೆ ಎಂದೂ ಬರೀ ಬಣ್ಣದ ಮಾತಾಗಿರಲಿಲ್ಲ. ಕಪ್ಪು ಸೊಸೆ ಹೊಂಬಣ್ಣದ ಅತ್ತೆಗೆ "ನಿಮ್ಮ ಬಣ್ಣ ಕೆಟ್ಟೈತ್ರಿ" ಎಂದರೆ ಆ ಮನೆಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಸುಮ್ಮನೆ ಅವರನ್ನು ಗಮನಿಸತೊಡಗಿದೆ. ಅವರು ಒಗ್ಗರಣೆ ಹಾಕುವಾಗ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ರೊಟ್ಟಿ ಮುರಿದು ತಟ್ಟೆಯಲ್ಲಿ ಅತ್ತಿತ್ತ ಮಾಡಿ ಏಳುತ್ತಿದ್ದರು. ಮೊಣಕೈಯವರೆಗೂ ಉಗುರಿನ ಗೀರುಗಳಿದ್ದವು.

ಲಗ್ನಪತ್ರಿಕೆ ಕೊಡಲು ನೆಂಟರ ಮನೆಗೆ ಹೊರಟ ದಿನ, ಸ್ವಲ್ಪ ಮುಖ ತಿದ್ದಿಕೊಡು ಎಂದು ಬಂದು ಕೂತರು. ಅವರ ಚರ್ಮಕ್ಕೆ ನೋಡಿ ಆರಿಸಿದ ಫೌಂಡೇಶನ್ ಬಾಟಲಿ ನನ್ನ ಹತ್ತಿರ ಬೇರೆಯಾಗಿಯೇ ಇತ್ತು. ಹಚ್ಚಿದೆ. ಗದ್ದದ ಕೆಳಗೆ ಗೆರೆ ಎಳೆದಂತೆ ಎರಡು ಬಣ್ಣವಾಯಿತು. ಬೇರೆ ಯಾರದೋ ಗುಲಾಬಿ ಮುಖವನ್ನು ತಂದು ಅವರ ಕುತ್ತಿಗೆಯ ಮೇಲೆ ಇಟ್ಟಂತಿತ್ತು. ಸ್ಪಂಜು ಕೊಳೆಯಾಗಿರಬೇಕೆಂದು ತೊಳೆದೆ. ಬಾಟಲಿ ಹಳೆಯದಾಗಿರಬೇಕೆಂದು ನನ್ನ ಮುಂಗೈಗೆ ಹಚ್ಚಿ ನೋಡಿದೆ. ಬಾಟಲಿ ಕೆಟ್ಟಿರಲಿಲ್ಲ.

ಅತ್ತೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. "ಏನ ಹಂಗ ನೋಡ್ತಿ?"

"ಏನಿಲ್ರಿ."

"ಬಣ್ಣ ಕೆಟ್ಟೈತಿ ಅಂತ ನೋಡಾಕತ್ತೀದಿ. ಒಳಗೊಳಗ ಖುಷಿ ಆಗಿರಬೇಕು ನಿನಗ."

ಎದ್ದುಹೋಗಿ ಮುಖ ತೊಳೆದುಕೊಂಡು, ಹಾಗೆಯೇ ಹೊರಟರು. ನಾನು ಕೋಣೆಯಲ್ಲಿ ಒಬ್ಬಳೇ ನಿಂತೆ. ಅವರ ಮಾತಿಗಿಂತ ಹೆಚ್ಚಾಗಿ, ಅದನ್ನು ಹೇಳುವಾಗ ಅವರ ದನಿ ನಡುಗಿದ್ದು ನನ್ನನ್ನು ಹೆದರಿಸಿತು.

ಎರಡು ದಿನದ ಮೇಲೆ, ಗಂಡಸರು ಮಾರುಕಟ್ಟೆಗೆ, ನಾದಿನಿ ಗೆಳತಿಯ ಮನೆಗೆ ಹೋಗಿದ್ದ ಹೊತ್ತಿನಲ್ಲಿ, ಅತ್ತೆ ಪಾರ್ಲರಿಗೆ ಬಂದು ಬಾಗಿಲ ಅಗುಳಿ ಹಾಕಿದರು. ಕಿಟಕಿಯ ಹತ್ತಿರ ನಿಂತು ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು, "ನೋಡು," ಎಂದರು. ಬಿಳುಪು ಇರಬೇಕಾದಲ್ಲಿ ಹಳೆಯ ತುಪ್ಪದ ಬಣ್ಣವಿತ್ತು.

"ಕಾಮಣಿ ಆಗೈತ್ರಿ ಅತ್ತಿ," ಎಂದೆ. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. "ಈಗಿಂದೀಗ ದವಾಖಾನಿಗೆ ಹೋಗೋಣು ನಡೀರಿ."

"ಕುಂದ್ರು. ನನಗ ಗೊತ್ತೈತಿ."

ಆಗ ಅವರು ತಮ್ಮ ಅಕ್ಕನ ಕತೆ ಹೇಳಿದರು. ಆ ಅಕ್ಕನನ್ನು ಮೋಟೆಬೆನ್ನೂರಿಗೆ ಕೊಟ್ಟಿದ್ದರು. ಒಂದು ಬೇಸಿಗೆ ಅವಳ ಮೈ ಹಳದಿಯಾಗತೊಡಗಿತು. ಮೊದಮೊದಲು ಎಲ್ಲರೂ ಎಷ್ಟು ಕಳೆ ಬಂದಿದೆ ಎಂದರಂತೆ. ಮಳೆಗಾಲ ಮುಗಿಯುವುದರೊಳಗೆ ಅವಳು ತೀರಿಕೊಂಡಳು, ಹೊಟ್ಟೆಯಲ್ಲಿ ಗಂಟಿತ್ತು ಎಂದರು. ಅವಳ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು.

"ತಾಯಿಗೆ ಆ ರೋಗ ಇತ್ತು, ಮಗಳಿಗೂ ಬರ್ತೈತಿ ಅಂದ್ರು. ಆ ಹುಡುಗಿ ಹಂಗ ಉಳದ್ಲು. ನನ್ನ ಮಗಳಿಗೆ ಹಂಗಾಗಬಾರದು," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಬೆಂಕಿಯಂತಿತ್ತು. "ತಾಳಿ ಕಟ್ಟೂತನಕ ಅಷ್ಟ. ಆಮ್ಯಾಲ ನೀ ಎಲ್ಲಿ ಕರಕೊಂಡು ಹೋಗ್ತಿ ಅಲ್ಲಿ ಬರ್ತೀನಿ. ಅಲ್ಲೀತನಕ ನಿನ್ನ ಡಬ್ಬಿಯೊಳಗ ಏನೇನೈತಿ ಅದನ್ನ ಹಚ್ಚು. ಯಾರಿಗೂ ಕಾಣಬಾರದು. ನಿನ್ನ ಗಂಡಗೂ ಹೇಳಬ್ಯಾಡ. ಆಣಿ ಮಾಡು."

ನಾನು ಬೇಡವೆಂದೆ, ಬೇಡಿಕೊಂಡೆ. ಅವರು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಬಿಡಲೇ ಇಲ್ಲ. ಮದುವೆಯಾಗಿ ಬಂದಂದಿನಿಂದ ಆ ಹೆಂಗಸು ನನ್ನ ಹತ್ತಿರ ಏನನ್ನೂ ಬೇಡಿರಲಿಲ್ಲ. ಆಣೆ ಮಾಡಿದೆ.

ಹಳದಿಯನ್ನು ಕೊಲ್ಲುವುದು ನೇರಳೆ. ಅದನ್ನೂ ರಾಣೇಬೆನ್ನೂರಿನಲ್ಲೇ ಕಲಿತಿದ್ದೆ. ಪ್ರತಿದಿನ ಬೆಳಿಗ್ಗೆ, ಗಂಡಸರು ಏಳುವ ಮುಂಚೆ, ತಿಳಿ ನೇರಳೆಯ ಕ್ರೀಮನ್ನು ಅವರ ಮುಖಕ್ಕೆ, ಕಿವಿಯ ಹಿಂದೆ, ಕುತ್ತಿಗೆಗೆ ತೆಳ್ಳಗೆ ತೀಡಿ, ಅದರ ಮೇಲೆ ಬೇಸ್ ಹಚ್ಚಿ, ಕೆನ್ನೆಗೆ ಒಂದಿಷ್ಟು ಕೆಂಪು ಒತ್ತುತ್ತಿದ್ದೆ. ಸಾಸಿವೆ, ಹಸಿರಿನ ಸೀರೆಗಳೆಲ್ಲ ಟ್ರಂಕಿನ ತಳ ಸೇರಿದವು. ಗಾಢ ನೀಲಿ, ದ್ರಾಕ್ಷಿ ಬಣ್ಣದವನ್ನು ಉಡಿಸಿದೆ, ಏಕೆಂದರೆ ಅವು ಮುಖದ ಹಳದಿಯನ್ನು ತಮ್ಮ ಕಡೆ ಬರಗೊಡುವುದಿಲ್ಲ. ತೋಳು ಮುಚ್ಚುವ ಕುಪ್ಪಸ, ತಲೆಯ ಮೇಲೆ ಸೆರಗು. ಕಣ್ಣಿಗೆ ಮಾತ್ರ ಏನು ಮಾಡಲೂ ಬರುತ್ತಿರಲಿಲ್ಲ. ಆದರೆ ಅದು ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಸೀಜನ್. ಘಾಟಿಗೆ ಊರೆಲ್ಲ ಕೆಮ್ಮುತ್ತ ಕಣ್ಣೊರೆಸಿಕೊಳ್ಳುವಾಗ, ಕಣ್ಣು ಉರಿಯುತ್ತವೆ ಎಂದು ಒಬ್ಬ ಹೆಂಗಸು ಬಣ್ಣದ ಕನ್ನಡಕ ಹಾಕಿಕೊಂಡರೆ ಯಾರೂ ಯಾಕೆಂದು ಕೇಳುವುದಿಲ್ಲ.

ದಿನದಿಂದ ದಿನಕ್ಕೆ ನೇರಳೆ ಹೆಚ್ಚು ಬೇಕಾಗುತ್ತಿತ್ತು. ಡಬ್ಬಿ ಬೇಗ ಖಾಲಿಯಾಗುತ್ತಿದ್ದುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಒಂದು ದಿನ ದೇವರಿಗೆ ಹೋಗುತ್ತೇನೆಂದು ಕಾಗಿನೆಲೆಯ ಬಸ್ ಹತ್ತಿ, ಅತ್ತಲಿನ ಯಾವುದೋ ಹಳ್ಳಿಯಲ್ಲಿ ಸೊಪ್ಪಿನ ರಸ ಕುಡಿದು ಬಂದರು. ಸಂಜೆಯೆಲ್ಲ ಬಚ್ಚಲಲ್ಲಿ ವಾಂತಿ ಮಾಡಿಕೊಂಡರು. ನಾನು ನಲ್ಲಿ ಬಿಟ್ಟು ಆ ಸದ್ದನ್ನು ಮುಚ್ಚಿದೆ. ಅವರು ಮಧ್ಯಾಹ್ನ ಮಲಗಿದರೆ ನಾನು ಏನಾದರೂ ನೆಪ ಮಾಡಿಕೊಂಡು ಕೋಣೆಗೆ ಹೋಗಿ, ಸೆರಗು ಏಳುತ್ತ ಬೀಳುತ್ತ ಇದೆಯೇ ಎಂದು ನೋಡಿ ಬರುತ್ತಿದ್ದೆ.

ನನ್ನ ಗಂಡ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಅವ್ವ ಈಗೀಗ ಬಾಳ ಛಂದ ಕಾಣಾಕತ್ತಾಳ ಅಲ್ಲ? ಅತ್ತಿ ಸೊಸಿ ಇಬ್ಬರೂ ಮುಂಜಾನೆದ್ದು ಕೂಡಿ ಕುಂದ್ರತೀರಿ, ಅದ ಕಾರಣ ಇರಬೇಕು. ನನಗ ಖರೇನ ಸಮಾಧಾನ ಆಗೈತಿ."

ನಾನು ಸಾರು ತರುತ್ತೇನೆಂದು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತುಕೊಂಡೆ.

ಮದುವೆಗೆ ಇನ್ನು ಕೆಲವೇ ದಿನವಿರುವಾಗ ಬೀಗರ ಮನೆಯ ಹೆಂಗಸರು ರಾಣೇಬೆನ್ನೂರಿನಿಂದ ಉಡಿ ತುಂಬಲು ಬಂದರು. ಅವತ್ತು ನಾನು ಅತ್ತೆಯ ಮುಖಕ್ಕೆ ಹಚ್ಚಿದ್ದು ಹೆಚ್ಚೂಕಡಿಮೆ ಮದುಮಗಳಿಗೆ ಹಚ್ಚುವಷ್ಟು. ಪಡಸಾಲೆಯ ಟ್ಯೂಬ್‌ಲೈಟು ಹಳದಿಯನ್ನು ಎತ್ತಿ ತೋರಿಸುತ್ತದೆಂದು, ಅದು ಕೆಟ್ಟಿದೆ ಎಂದು ಹೇಳಿ ಎಲ್ಲರ ಮುಖವೂ ಹಳದಿ ಕಾಣುವ ಬಲ್ಬ್ ಹಾಕಿಸಿದ್ದೆ. ಎಲ್ಲರೂ ಬಂದು ಕೂತರು, ನಕ್ಕರು, ಚಹಾ ಕುಡಿದರು. ನಾನು ಬಾಗಿಲ ಪಕ್ಕ ನಿಂತು ಅತ್ತೆಯ ಗದ್ದದ ಗೆರೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಗ ಬೀಗತಿ, ಅಂದರೆ ಹುಡುಗನ ತಾಯಿ, ಅರಿಶಿನದ ಬಟ್ಟಲಿಗೆ ಬೆರಳು ಅದ್ದಿ ಅತ್ತೆಯ ಕೆನ್ನೆಗಳಿಗೆ ಹಚ್ಚಿದರು. ಶಾಸ್ತ್ರವೇ ಅದು; ನನಗೆ ಹೊಳೆದೇ ಇರಲಿಲ್ಲ. ಒದ್ದೆ ಬೆರಳು ಕೆನ್ನೆಯ ಮೇಲೆ ಜಾರಿತು. ಬೀಗತಿ ಕೈ ಹಿಂದಕ್ಕೆ ತೆಗೆದುಕೊಂಡು ಬೆರಳ ತುದಿಗಳನ್ನು ನೋಡಿಕೊಂಡರು. ಅಲ್ಲಿ ಅರಿಶಿನದ ಜೊತೆ ಕಲೆಸಿಹೋದ ಕ್ರೀಮಿತ್ತು. ಅತ್ತೆಯ ಕೆನ್ನೆಯಲ್ಲಿ ಬೆರಳು ಹಾದುಹೋದ ಜಾಗ ಅರಿಶಿನದಿಂದ ಹಳದಿಯಾಗಿದೆಯೋ ಚರ್ಮದಿಂದ ಹಳದಿಯಾಗಿದೆಯೋ ನನಗೇ ತಿಳಿಯಲಿಲ್ಲ. ಬೀಗತಿ ಅತ್ತೆಯ ಕನ್ನಡಕದೊಳಗೆ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕರವಸ್ತ್ರಕ್ಕೆ ಬೆರಳು ಒರೆಸಿಕೊಂಡು, ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಎತ್ತಿ ಉಡಿಗೆ ಹಾಕಿದರು.

ಅವರು ಹೊರಟುಹೋದ ಮೇಲೆ ಅತ್ತೆ, "ಯಾರಿಗೂ ಗೊತ್ತಾಗಲಿಲ್ಲ ನೋಡು," ಎಂದು ನನ್ನ ಬೆನ್ನು ಸವರಿದರು. ಗೊತ್ತಾಗಿದ್ದರೆ ಎಂಬ ಹೆದರಿಕೆ ಒಂದು ಕಡೆ, ಯಾರಿಗೂ ಗೊತ್ತಾಗದ ಹಾಗೆ ಹಚ್ಚಲು ನನಗೆ ಬರುತ್ತದಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಅವರು ಗೋಡೆ ಹಿಡಿದುಕೊಂಡು ಪಾರ್ಲರಿಗೆ ಬಂದರು. ಬಲಗಡೆಯ ಹೊಟ್ಟೆಗೆ ಕೈ ಒತ್ತಿಕೊಂಡಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದವು.

"ಲಗೂ ಹಚ್ಚು. ಹಂದರ ಹಾಕೋ ಮಂದಿ ಬರ್ತಾರ."

"ಜ್ವರ ಬಂದಾವ್ರಿ ನಿಮಗ."

"ಬಂದ್ರ ಬರಲಿ. ಹಚ್ಚು ನೀ."

ನೇರಳೆ ಹಚ್ಚಿದೆ. ಆ ಬಿಸಿ ಚರ್ಮದ ಮೇಲೆ ಅದು ಹಚ್ಚುತ್ತಿದ್ದಂತೆ ಒಣಗುತ್ತಿತ್ತು. ಬೇಸ್ ಹಚ್ಚಿದೆ, ಕೆನ್ನೆಗೆ ಕೆಂಪು ಹಚ್ಚಿದೆ. ಆಮೇಲೆ ಕನ್ನಡಿ ನೋಡಿದೆ. ಅಲ್ಲಿ ಆರೋಗ್ಯದಿಂದ ಇರುವ, ಕೆನ್ನೆ ಕೆಂಪಗಿರುವ ಹೆಂಗಸೊಬ್ಬಳು ಕೂತು ಗಡಗಡ ನಡುಗುತ್ತಿದ್ದಳು. ಆ ಮುಖ ಹಾಗೆಯೇ ಇರುತ್ತದೆ, ಅದರ ಒಳಗಿರುವವರು ಹೋಗಿಬಿಡುತ್ತಾರೆ, ನಮಗೆ ಗೊತ್ತೂ ಆಗುವುದಿಲ್ಲ ಎಂದು ನನಗೆ ಅನ್ನಿಸಿತು. ಅಂಥ ಹೆದರಿಕೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹತ್ತಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವರ ಮುಖ ಒರೆಸತೊಡಗಿದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಕೈಯಲ್ಲಿ ಬಲವೇ ಇರಲಿಲ್ಲ. "ಆಣಿ ಮಾಡೀದಿ ನೀ."

"ಮಾಡೇನ್ರಿ. ಮುರೀತೇನಿ. ನನಗ ಏನಾದ್ರೂ ಆಗ್ಲಿ."

ಒರೆಸಿದೆ, ಹಣೆಯಿಂದ ಕುತ್ತಿಗೆಯವರೆಗೆ. ಕನ್ನಡಕ ತೆಗೆದೆ. ಬಾಗಿಲು ತೆರೆದು ಗಂಡನನ್ನೂ ಮಾವನನ್ನೂ ಕೂಗಿದೆ. ನನ್ನ ಕೂಗಿಗೆ ಹಿತ್ತಲಲ್ಲಿದ್ದ ನಾದಿನಿಯೂ ಓಡಿಬಂದಳು.

ಮಾವ ಹೊಸ್ತಿಲಲ್ಲೇ ನಿಂತುಬಿಟ್ಟರು. "ಇದೇನ ಇದು... ಇಷ್ಟು ಹಳದಿ... ಯಾವಾಗಿಂದ?" ಎನ್ನುತ್ತ ಅಲ್ಲಿಯೇ ಕುಸಿದು ಕೂತರು. ನಾದಿನಿ ಬಾಯಿಗೆ ಕೈ ಒತ್ತಿಕೊಂಡಳು.

ಅತ್ತೆ ಮಗನ ಕಡೆ ತಿರುಗಿ, ಒಂದೊಂದೇ ಮಾತನ್ನು ಹೆಕ್ಕಿ ಹೇಳಿದರು: "ನಿನ್ನ ಹೆಂಡತಿ ನನ್ನ ಮಗಳ ಬಾಳೇವು ಕೆಡಿಸಿದ್ಲು."

ಕಾರಿನಲ್ಲಿ ಹಾವೇರಿಗೆ ಕರೆದುಕೊಂಡು ಹೋದೆವು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಹತ್ತುವಾಗ ಅತ್ತೆ ಕಣ್ಣು ಮುಚ್ಚಿ ಮುಖವನ್ನು ಸೀಟಿನ ಕಡೆ ತಿರುಗಿಸಿಕೊಂಡರು. ಯಾಕೆಂದು ನನಗೆ ಗೊತ್ತಿತ್ತು; ಅವರ ಅಕ್ಕನನ್ನು ಕೊಟ್ಟ ಊರು ಅದು.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಡಾಕ್ಟರ್ ನಡುವಯಸ್ಸಿನ ಹೆಂಗಸು. ರೆಪ್ಪೆ ಎಳೆದು ನೋಡಿ, ನಮ್ಮೆಲ್ಲರ ಕಡೆ ತಿರುಗಿ, "ಇಷ್ಟಾಗೂತನಕ ಮನಿಯೊಳಗ ಯಾರಿಗೂ ಕಾಣಲಿಲ್ಲೇನ್ರಿ?" ಎಂದು ಕೇಳಿದರು. ನನ್ನ ಗಂಡ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಹಾಸಿಗೆಯ ಮೇಲಿಂದ ಅತ್ತೆಯ ದನಿ ಬಂತು.

"ನಾನ ಕಾಣಗೊಡಲಿಲ್ರಿ. ಆಕಿಗೇನೂ ಅನಬ್ಯಾಡ್ರಿ."

ಪಿತ್ತದ ನಾಳ ಕಟ್ಟಿಕೊಂಡಿದೆ ಎಂದರು. ಕಟ್ಟಿದ್ದು ಕಲ್ಲೋ ಗಂಟೋ ಎಂಬುದು ಈ ಸ್ಕ್ಯಾನಿನಲ್ಲಿ ಸ್ಪಷ್ಟವಿಲ್ಲ, ಜ್ವರ ಬಂದಿರುವುದರಿಂದ ಕಾಯುವ ಹಾಗಿಲ್ಲ, ಔಷಧಿ ಶುರು ಮಾಡಿದ್ದೇವೆ, ದಾವಣಗೆರೆಗೆ ಕರೆದುಕೊಂಡು ಹೋಗಿ ಎಂದರು. ಗಂಟು ಎಂಬ ಮಾತು ಕೇಳಿದಾಗ ಅತ್ತೆ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ. ದಾರಿ ತಪ್ಪಿದವರು ಯಾರನ್ನಾದರೂ ನೋಡುವ ಹಾಗೆ ನೋಡಿದರು.

ದಾವಣಗೆರೆಯಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ ನೋಡಲು ಒಳಗೆ ಕರೆದುಕೊಂಡು ಹೋದರು. ನಾವು ಹೊರಗೆ ಸಾಲಾಗಿ ಕೂತೆವು. ಮಾವ ಎದ್ದು ಗೋಡೆಯವರೆಗೆ ಹೋಗಿ ಬಂದು ಕೂರುತ್ತಿದ್ದರು. ನಾನು ನನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ನೇರಳೆಯನ್ನು ಕೆರೆಯುತ್ತಿದ್ದೆ. ಕೊನೆಗೆ ಡಾಕ್ಟರ್ ಹೊರಬಂದು ಕಲ್ಲುಗಳಿದ್ದವು, ತೆಗೆದಿದ್ದೇವೆ, ಪಿತ್ತ ಹರಿಯಲು ಸಣ್ಣ ಕೊಳವೆ ಇಟ್ಟಿದ್ದೇವೆ ಎಂದರು. ಮಾವ ಕೈ ಮುಗಿದರು. ಆದರೆ ನಾಳದ ಒಂದು ಕಡೆ ಬಾವು ಕಂಡಿದೆ, ಖಾತ್ರಿ ಮಾಡಿಕೊಳ್ಳಲು ಅಲ್ಲಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂಬ ಮಾತನ್ನೂ ಸೇರಿಸಿದರು. ಮುಗಿದ ಕೈಗಳು ಹಾಗೆಯೇ ನಿಂತವು.

ಬೀಗರಿಗೆ ಹೇಳದೆ ಇರಲು ಸಾಧ್ಯವಿರಲಿಲ್ಲ. ಮಾವ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಆ ಕಡೆಯಿಂದ, "ನಾವ ಬರ್ತೀವಿ," ಎಂದಷ್ಟೇ ಹೇಳಿ ಇಟ್ಟರಂತೆ. ನಾದಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಸಂಬಂಧ ಮುರಿಯಲು ಬರುತ್ತಿದ್ದಾರೆ ಎಂದು ಅಳದೆಯೇ ನನಗೆ ಹೇಳಿದಳು.

ಬೀಗತಿ ನೇರವಾಗಿ ಅತ್ತೆಯ ಮಂಚದ ಹತ್ತಿರ ಬಂದು ಕೂತರು. ಅತ್ತೆ ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕಿದರು. ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿ.

"ನಾ ಅವತ್ತ ಕಂಡೆನ್ರಿ," ಎಂದರು ಬೀಗತಿ. "ಬೆರಳಿಗೆ ಬಣ್ಣ ಹತ್ತಿತು, ಕಣ್ಣೂ ನೋಡಿದೆ. ಮನಿಗೆ ಹೋಗಿ ಒಂದು ತುತ್ತು ಉಣ್ಣಾಕ ಆಗಲಿಲ್ಲ. ಬೀಗರ ಮನಿಗೆ ಬಂದು ಅವರ ಮುಖದ ಬಣ್ಣದ ಮಾತು ಆಡಿದ್ರ ಏನು ತಿಳಕೊಂಡಾರು ಅಂತ ಅಂಜಿ ಸುಮ್ಮನಾದೆ. ಅಂಜಬಾರದಿತ್ತು."

ಅತ್ತೆ ತಮ್ಮ ಹಳದಿ ಕೈಯನ್ನು ಅವರ ಮೊಣಕಾಲಿನ ಮೇಲೆ ಇಟ್ಟರು. ಮುಹೂರ್ತ ಮುಂದಕ್ಕೆ ಹೋಯಿತು, ಅಷ್ಟೇ. ಬೇರೇನೂ ಬದಲಾಗಲಿಲ್ಲ.

ಪರೀಕ್ಷೆಯ ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಮನೆಯಲ್ಲಿ ಫೋನ್ ರಿಂಗಾದರೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಿದ್ದೆವು. ಕೊನೆಗೆ ಒಂದು ಮಧ್ಯಾಹ್ನ ನನ್ನ ಗಂಡ ಮಾರುಕಟ್ಟೆಯಿಂದ ಚಪ್ಪಲಿ ಬಿಡದೆ ಒಳಗೆ ಬಂದು, "ಗಂಟಲ್ಲಂತ, ಬರೇ ಬಾವಂತ," ಎಂದರು. ಅತ್ತೆ ದೇವರ ಕೋಣೆಯ ಕಡೆಗೂ ಹೋಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ತಿರುಗಿ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದರು.

ಮದುವೆಯ ದಿನ ಅವರು ನನಗೆ ಮುಖ ಮುಟ್ಟಗೊಡಲಿಲ್ಲ. ಮಾಸಿದ ಮುಖದಲ್ಲೇ ಮಂಟಪದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಯಾಕೆ ಇಷ್ಟು ಇಳಿದುಹೋಗಿದ್ದೀರಿ ಎಂದು ಕೇಳಿದವರಿಗೆಲ್ಲ, "ಕಾಮಣಿ ಆಗಿತ್ತು, ಕಲ್ಲು ತಗದಾರ," ಎಂದು ತಾವೇ ಹೇಳಿದರು. ನನ್ನ ಹತ್ತಿರ ಮಾತ್ರ ಮಾತು ಕಡಿಮೆಯಾಯಿತು. ಆಣೆ ಮುರಿದದ್ದಕ್ಕೋ, ಅವರ ಹೆದರಿಕೆಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದಕ್ಕೋ, ಗೊತ್ತಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅವರ ಕಣ್ಣು ನೋಡುವುದನ್ನು ನನಗೆ ಬಿಡಲಾಗಲಿಲ್ಲ. ಒಂದು ದಿನ ಮಾವಿನ ಹಣ್ಣು ತಿಂದ ಅವರ ಬೆರಳಿನ ಹಳದಿ ಕಂಡು, ಕೈ ಹಿಡಿದು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿದ್ದೆ.

ಒಳಗಿಟ್ಟಿದ್ದ ಕೊಳವೆಯನ್ನು ತೆಗೆಸಲು ಮತ್ತೆ ದಾವಣಗೆರೆಗೆ ಹೋಗಬೇಕಾಯಿತು. ಜೊತೆಗೆ ಯಾರು ಬರಬೇಕೆಂದು ಮಗ ಕೇಳಿದಾಗ ಅತ್ತೆ, "ಆಕಿ ಬರಲಿ," ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತೆವು. ಅವರು ನೆಲ ನೋಡುತ್ತ, "ನನಗ ಬಾಳ ಅಂಜಿಕಿ ಬರಾಕತ್ತೈತಿ ವಾ," ಎಂದರು.

"ನನಗೂ ರೀ," ಎಂದೆ.

ಕೊಳವೆ ತೆಗೆದರು. ಪಿತ್ತಕೋಶದ ಆಪರೇಷನ್ ಕೂಡ ಮಾಡಿಸಿಬಿಡಿ, ಅದಾದ ಮೇಲೂ ಕಲ್ಲು ಮತ್ತೆ ಬರುವುದಿಲ್ಲ ಎಂದು ಹೇಳಲಾಗುವುದಿಲ್ಲ, ಮೈ ಕಣ್ಣು ಹಳದಿ ಕಂಡರೆ ಒಂದು ದಿನವೂ ತಡಮಾಡಬೇಡಿ ಎಂದು ಡಾಕ್ಟರ್ ಹೇಳಿದರು. ಆಮೇಲೆ ಕಾಗದದಿಂದ ತಲೆಯೆತ್ತಿ, "ಮನಿಯೊಳಗ ದಿನಾ ಇವರನ್ನ ಸರಿಯಾಗಿ ನೋಡೋರು ಯಾರ ಅದಾರ?" ಎಂದು ಕೇಳಿದರು.

ಅತ್ತೆ ನನ್ನ ಕಡೆ ಗದ್ದ ಎತ್ತಿ ತೋರಿಸಿದರು.